ಒಂದೇ ಸಾಲು ಕೇಳಿಸಿದ ಮಟ್ಟು

ನಮ್ಮೂರಿನಲ್ಲಿ ಬರೀ ‘ತಾರೀಕು’ ಎಂದರೆ ಫೆಬ್ರವರಿ ಹನ್ನೆರಡು. ಮದುವೆಯ ದಿನಕ್ಕೆ, ಪರೀಕ್ಷೆಯ ದಿನಕ್ಕೆಲ್ಲ ನಾವು ಬೇರೆ ಮಾತು ಹುಡುಕಿಕೊಳ್ಳುತ್ತೇವೆ. ಹೊಸ ಮಟ್ಟು ಯಾವುದೇ ಇರಲಿ, ಅದು ಮೊದಲ ಸಲ ಕಿವಿಗೆ ಬೀಳುವುದು ಆ ಒಂದು ದಿನ, ಸೂರ್ಯ ಹುಟ್ಟಿದ ಮೇಲೆ, ಮುಳುಗುವುದರೊಳಗೆ. ಬೇರೆ ದಿನ ಹೊಸದನ್ನು ಹಾಡಲು ಹೋದರೆ ಬಾಯಿ ಆಡುತ್ತದೆ, ತಂತಿ ಅದುರುತ್ತದೆ, ಸದ್ದು ಬರುವುದಿಲ್ಲ. ತಾರೀಕಿನ ದಿನ ಕಟ್ಟಿದವರನ್ನು ಬಿಟ್ಟು ಎರಡನೆಯವರೊಬ್ಬರು ಕೇಳಿಸಿಕೊಂಡರೆ ಮಟ್ಟು ಹಳೆಯದಾಯಿತು. ಆಮೇಲೆ ಅದನ್ನು ಯಾರು ಯಾವಾಗ ಬೇಕಾದರೂ ಹಾಡಿಕೊಳ್ಳಬಹುದು. ಬೇರೆ ಊರಿನವರು ಕೇಳಿದ್ದು ಲೆಕ್ಕಕ್ಕಿಲ್ಲ.

ಹೀಗಾಗಿ ನಮ್ಮ ಟಾಕೀಸಿನಲ್ಲಿ ಹೊಸ ಸಿನಿಮಾ ಬಂದಾಗ ಹಾಡಿನ ಹೊತ್ತಿಗೆ ನಾಯಕ ನಾಯಕಿ ಸದ್ದಿಲ್ಲದೆ ಕುಣಿಯುತ್ತಿರುತ್ತಾರೆ, ಜನ ಎದ್ದು ಕಡಲೆಕಾಯಿ ತರಲು ಹೋಗುತ್ತಾರೆ. ತಾರೀಕಿನ ದಿನ ಟಾಕೀಸಿನವರು ವರ್ಷದ ಹಾಡುಗಳ ರೀಲುಗಳನ್ನಷ್ಟೇ ಒಂದರ ಹಿಂದೊಂದು ಓಡಿಸುತ್ತಾರೆ. ಕ್ಯಾಸೆಟ್ಟುಗಳು ಬಿಡುಗಡೆಯಾಗುವುದೂ ಅವತ್ತೇ. ಮಾರ್ಚಿಯಲ್ಲಿ ಹೆತ್ತವಳು ತಾನೇ ಕಟ್ಟಿದ ಜೋಗುಳವನ್ನು ಮಗುವಿಗೆ ಕೇಳಿಸುವ ಹೊತ್ತಿಗೆ ಮಗು ತೊಟ್ಟಿಲು ಬಿಟ್ಟು ಗೋಡೆ ಹಿಡಿದು ನಡೆಯುತ್ತಿರುತ್ತದೆ. ಇದರಲ್ಲೆಲ್ಲ ನಮಗೆ ವಿಚಿತ್ರವೇನೂ ಕಾಣುವುದಿಲ್ಲ.

ನಾನು ಊರಿನ ಸಂಗೀತ ಸಭಾದಲ್ಲಿ ಗುಮಾಸ್ತೆ. ತಾರೀಕಿನ ದಿನ ಸಭಾದ ವೇದಿಕೆಯ ಮೇಲೆ ಯಾರು ಯಾವ ಹೊತ್ತಿಗೆ ಹೊಸದನ್ನು ಹಾಡಬೇಕು ಎಂಬ ಸರದಿಯ ಪಟ್ಟಿ ಬರೆಯುವುದು, ಹೊತ್ತು ಮುಗಿದಾಗ ಗಂಟೆ ಬಾರಿಸುವುದು, ಕೇಳಿಸಿದ್ದನ್ನು ‘ಮೊದಲ ಪುಸ್ತಕ’ದಲ್ಲಿ ಬರೆಯುವುದು ನನ್ನ ಕೆಲಸ. ಕೆಂಪು ರಟ್ಟಿನ ಆ ಪುಸ್ತಕದಲ್ಲಿ ನೂರು ವರ್ಷದ ತಾರೀಕುಗಳಿವೆ. ಕುಂಬಾರಗೇರಿಯ ಸಿದ್ದಮ್ಮ ಎಂಬವಳು ವೇದಿಕೆಯ ಮೇಲೆ ಬೀಸುಕಲ್ಲು ಇಡಿಸಿಕೊಂಡು ರಾಗಿ ಬೀಸುತ್ತಲೇ ಹಾಡಿದ್ದು, ಪ್ಲೇಗಿನ ವರ್ಷ ಒಂದೇ ಒಂದು ಮಟ್ಟು ಬಂದದ್ದು, ಊರಿಗೆ ಮೊದಲ ಗ್ರಾಮಫೋನ್ ಪ್ಲೇಟು ಬಂದಾಗ ಸೂಜಿ ಮುರಿದು ಹಿಂಬದಿಯ ಹಾಡು ಒಂದು ವರ್ಷ ಕಾಯಬೇಕಾಗಿ ಬಂದದ್ದು, ಎಲ್ಲವೂ ಅದರಲ್ಲಿದೆ. ಪ್ರತಿ ತಾರೀಕಿನ ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಓದುತ್ತಾರೆ. ಅದರಲ್ಲಿ ಹೆಸರು ಬಂದವರ ಮನೆಯವರು ಅವತ್ತು ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ನನ್ನ ಅಪ್ಪ ಅಂಜನಪ್ಪ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ. ಮದುವೆ ಮೆರವಣಿಗೆಗಳಲ್ಲಿ ಮೂವತ್ತು ವರ್ಷ ಬೇರೆಯವರ ಹಾಡುಗಳನ್ನು ಊದಿದ ಮೇಲೆ ತನ್ನದೇ ಒಂದು ಮಟ್ಟು ಕಟ್ಟಿದ. ಒಂದು ತಾರೀಕಿನ ಬೆಳಿಗ್ಗೆ ಯಾರಿಗೂ ಹೇಳದೆ ಊರಾಚೆಯ ಕಲ್ಲುಕ್ವಾರಿಗೆ ಹೋಗಿ, ಒಬ್ಬನೇ ನಿಂತು, ಒಂದು ಸಲ ಪೂರ್ತಿ ಊದಿಕೊಂಡು ಬಂದ. ಎರಡನೇ ಕಿವಿ ಇಲ್ಲದ ಕಡೆ ಹಾಗೆ ಪರೀಕ್ಷೆ ಮಾಡಿಕೊಳ್ಳುವವರು ಬಹಳ ಜನ ಇದ್ದಾರೆ. ಅದರಿಂದ ಮಟ್ಟು ಹಳೆಯದಾಗುವುದಿಲ್ಲ. ಅವತ್ತು ಮನೆಗೆ ಬಂದವನ ಮುಖ ನನಗೆ ಇನ್ನೂ ನೆನಪಿದೆ. ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತಿದ್ದ. ಅಮ್ಮ ಹೇಗಿತ್ತು ಎಂದು ಕೇಳಿದರೆ, ಮುಂದಿನ ವರ್ಷ ಸಭಾದಲ್ಲೇ ಕೇಳುವೆಯಂತೆ ಎಂದ.

ಆ ಮುಂದಿನ ವರ್ಷ ಬರಲು ಏಳು ವರ್ಷ ಹಿಡಿಯಿತು. ಸಭಾದ ಅಧ್ಯಕ್ಷರು ವಕೀಲ ಶ್ಯಾಮರಾಯರು. ತಾವೂ ಹಾಡುವವರು. ಕೆಟ್ಟವರಲ್ಲ. ಆದರೆ ಬ್ಯಾಂಡಿನವರ ಹೆಸರು ಬಂದರೆ ಅದನ್ನು ಪಟ್ಟಿಯ ತುದಿಗೆ, ಹೊತ್ತು ಮುಳುಗುವ ಕಡೆಗೆ ಸರಿಸುತ್ತಿದ್ದರು. ಮುಂದಿನವರು ಒಬ್ಬೊಬ್ಬರೂ ಐದೈದು ನಿಮಿಷ ಹೆಚ್ಚು ತೆಗೆದುಕೊಂಡರೆ ತುದಿಯವರಿಗೆ ಸೂರ್ಯ ಉಳಿಯುತ್ತಿರಲಿಲ್ಲ. ಅಪ್ಪ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ಹೋಗಿ, ಸಂಜೆ ಹಾಗೇ ವಾಪಸು ಬರುತ್ತಿದ್ದ. ನಾನು ಆ ಕೆಲಸಕ್ಕೆ ಸೇರಿದ್ದೇ ಅಪ್ಪನನ್ನು ಪಟ್ಟಿಯಲ್ಲಿ ಮೇಲೆ ತರಬೇಕೆಂದು. ಮೂರು ವರ್ಷ ಆಗಲಿಲ್ಲ. ನಾಲ್ಕನೇ ವರ್ಷ ನಾಲ್ಕೂ ನಲವತ್ತರ ಸರದಿ ಸಿಕ್ಕಿತು. ರಾಯರ ಸಹಿ ಬಿದ್ದ ಪಟ್ಟಿಯನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದಾಗ ಅವನು ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ.

ಅಷ್ಟು ಹೊತ್ತಿಗೆ ಅಪ್ಪನ ಮುಂದಿನ ಮೇಲುಹಲ್ಲುಗಳು ಅಲುಗಾಡಲು ಶುರುವಾಗಿದ್ದವು. ಹಲ್ಲು ಊರದೆ ಕ್ಲಾರಿಯೊನೆಟ್ ಊದಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಅಮ್ಮನದಾಗಿತ್ತು. ಅಮ್ಮ ಸಂಜೀವಮ್ಮ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಹೂ ಮಾರುತ್ತಿದ್ದಳು. ಆ ದೀಪಾವಳಿಯಿಂದ ಅವಳ ಕಾಲು ಊದಿಕೊಂಡು, ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯ ಬಹಳ ಸೋತಿದೆ, ಒಂದು ಮಳೆಗಾಲ ಕಂಡರೆ ಹೆಚ್ಚು ಎಂದಿದ್ದರು. ನಾನು ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆ ತಾರೀಕಿನ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ನಡುಮನೆಗೆ ಬಂದಾಗ ಅಮ್ಮ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಕಿಟಕಿಯಲ್ಲಿ ಆಗಷ್ಟೇ ಬಿಸಿಲು ಬಿದ್ದಿತ್ತು. ಅಪ್ಪ ಪೆಟ್ಟಿಗೆ ತೆಗೆದು ಕ್ಲಾರಿಯೊನೆಟ್ಟಿನ ತುಂಡುಗಳನ್ನು ಜೋಡಿಸುತ್ತಿದ್ದ. ಬಾಯಲ್ಲಿ ರೀಡು ಇತ್ತು, ಊದುವ ತುದಿಗೆ ಕಟ್ಟುವ ತೆಳು ಬೆತ್ತದ ಪಟ್ಟಿ. ಊದುವ ಮೊದಲು ಅದನ್ನು ಹಾಗೆ ನಾಲಿಗೆಯ ಮೇಲಿಟ್ಟು ನೆನೆಸುವುದು ಅವನ ರೂಢಿ.

ಅಮ್ಮ ಹೇಳುತ್ತಿದ್ದಳು, “ಇಲ್ಲೇ ಒಂದ್ಸಲ ಊದಿಬಿಡಿ ಅಂದ್ರೆ. ಸಭಾ ಗಿಭಾ ನಂಗ್ಯಾಕೆ. ಏಳು ವರ್ಷದಿಂದ ನಿಮ್ಮ ಬೆರಳು ನೋಡ್ಕಂಡೇ ಕೂತಿದೀನಿ. ಒಂದ್ಸಲ ಕೇಳಿಸ್ಬಿಡಿ, ಸಾಕು.”

ಅಪ್ಪ ಊದಲು ಸಿದ್ಧನಾಗಿದ್ದ. ಅವನನ್ನು ತಡೆದವಳು ನಾನು. ಇದನ್ನು ನಾನು ಯಾರ ಮೇಲೂ ಹಾಕಲಾರೆ. ಸಭಾದಲ್ಲಿ ಊದುವ ಮೊದಲು ಪ್ರತಿಯೊಬ್ಬರೂ ‘ಇದನ್ನು ಇನ್ನೊಬ್ಬರು ಕೇಳಿಲ್ಲ’ ಎಂದು ಪ್ರಮಾಣ ಮಾಡಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹೆಸರು ಪುಸ್ತಕಕ್ಕೆ ಸೇರುವುದಿಲ್ಲ, ಮುಂದೆಂದೂ ಸರದಿ ಸಿಗುವುದಿಲ್ಲ.

“ಅಪ್ಪಾ, ಬೇಡ,” ಎಂದೆ. “ಪಕ್ಕದ ಮನೆಯೋರು ಎದ್ದಿದಾರೆ. ಅಮ್ಮ ಕೇಳಿದ್ರೇ ಹಳೇದಾಯ್ತು, ಅವರ ಕಿವಿಗೂ ಬಿದ್ರೆ ಸಿಕ್ಕಿಬೀಳ್ತೀಯ. ಪ್ರಮಾಣ ಏನಂತ ಮಾಡ್ತೀಯ? ಒಂದು ಸಂಜೆ ತಡ್ಕೊಳಮ್ಮ. ಆಟೋದಲ್ಲಿ ಕರ್ಕೊಂಡೋಗಿ ಮುಂದೇನೇ ಕೂರಿಸ್ತೀನಿ.”

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡು, ಅವಳು ಹೇಳೋದೂ ಸರಿ, ಸಂಜೆಗೇ ಕೇಳ್ತೀನಿ ಬಿಡಿ ಎಂದಳು. ಅಪ್ಪ ನಾಲಿಗೆಯ ಮೇಲಿನ ರೀಡನ್ನು ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಡಬ್ಬಿಯಲ್ಲಿಟ್ಟ. ನಾನು ಕಾಫಿ ಕೊಟ್ಟು ಸಭಾಕ್ಕೆ ಹೊರಟೆ. ನನಗೆ ಅವತ್ತು ಹೆಮ್ಮೆಯೇ ಇತ್ತು.

ಮಧ್ಯಾಹ್ನದ ಮೇಲೆ ಅಪ್ಪನೂ ಅಮ್ಮನೂ ಆಟೋದಲ್ಲಿ ಬಂದರು. ಮುಂದಿನ ಸಾಲು ತುಂಬಿದ್ದರಿಂದ ಅಮ್ಮನಿಗೆ ಕಂಬದ ಪಕ್ಕ ಒಂದು ಕಬ್ಬಿಣದ ಕುರ್ಚಿ ಹಾಕಿಸಿಕೊಟ್ಟೆ. ಅವಳು ತನ್ನ ಮದುವೆಯ ನೇರಳೆ ಸೀರೆ ಉಟ್ಟಿದ್ದಳು. ನಾಲ್ಕರಿಂದ ನಾಲ್ಕೂವರೆಯವರೆಗೆ ಸ್ವತಃ ರಾಯರದೇ ಸರದಿ. ಅವರು ಒಂದು ದೊಡ್ಡ ರಚನೆ ಮಾಡಿದ್ದರು. ನಿಜ ಹೇಳಬೇಕೆಂದರೆ ಶುರುವಿನಲ್ಲಿ ಅದು ಚೆನ್ನಾಗಿಯೇ ಇತ್ತು, ಜನ ತಲೆದೂಗಿದರು. ತಮ್ಮ ಮಟ್ಟನ್ನು ತಾವೇ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದ ರಾಯರು ಅದರ ರುಚಿಗೆ ಸಿಕ್ಕಿಬಿದ್ದರು. ಹಾಡಿದ್ದನ್ನೇ ತಿರುಗಿಸಿ ಹಾಡಿದರು, ಬೆಳೆಸಿದರು, ಮತ್ತೆ ಮೊದಲಿಗೆ ಬಂದರು.

ನಾಲ್ಕೂವರೆಗೆ ನಾನು ಗಂಟೆಯ ಮುಂದೆ ನಿಂತೆ. ಹಿತ್ತಾಳೆಯ ಗಂಟೆ, ನಾಲಗೆಗೆ ಒಂದು ಹಗ್ಗ. ರಾಯರು ಕಣ್ಣು ತೆರೆದು ನನ್ನ ಕಡೆ ನೋಡಿದರು. ನೋಡಿ ಮತ್ತೆ ಮುಚ್ಚಿಕೊಂಡರು. ಆ ನೋಟದಲ್ಲಿ ಬೆದರಿಕೆಯೇನೂ ಇರಲಿಲ್ಲ. ಬಾರಿಸುವುದಿಲ್ಲ ಎಂಬ ನಂಬಿಕೆ ಇತ್ತು, ಅಷ್ಟೆ. ಮಾರ್ಚಿಯಲ್ಲಿ ನನ್ನ ಕೆಲಸ ಖಾಯಂ ಮಾಡುವುದಾಗಿ ಅವರು ಹಿಂದಿನ ವಾರ ಹೇಳಿದ್ದರು. ಇನ್ನು ಐದು ನಿಮಿಷ ಎಂದುಕೊಂಡೆ. ಐದಾಯಿತು. ಇನ್ನು ಹತ್ತು ಎಂದುಕೊಂಡೆ. ಹಗ್ಗ ಬಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದೆ. ವೇದಿಕೆಯ ಪಕ್ಕದ ಬಾಗಿಲಲ್ಲಿ ಅಪ್ಪ ಕೆಂಪು ಕೋಟಿನಲ್ಲಿ ನಿಂತಿದ್ದ. ಅವನು ರಾಯರನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ. ಐದೂವರೆಯ ಹೊತ್ತಿಗೆ ನಾನು ಆ ಕಡೆ ತಿರುಗುವುದನ್ನು ಬಿಟ್ಟೆ.

ರಾಯರು ಮುಗಿಸಿದಾಗ ಆರೂ ಹತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾರ, ಶಾಲು ಆಯಿತು. ಅಪ್ಪನ ಹಿಂದೆ ಸರದಿಯಲ್ಲಿದ್ದ ಇಬ್ಬರು ಆಗಲೇ ಮನೆಗೆ ಹೋಗಿದ್ದರು. ಅಪ್ಪ ವೇದಿಕೆಗೆ ಬಂದು ಪ್ರಮಾಣ ಹೇಳಿ ಕ್ಲಾರಿಯೊನೆಟ್ ತುಟಿಗಿಟ್ಟಾಗ ಜನ ಚಪ್ಪಲಿ ಹುಡುಕುತ್ತಿದ್ದರು. ಪಡುವಣ ಕಿಟಕಿಯಲ್ಲಿ ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಒಂದು ಉಗುರಿನಷ್ಟು ಉಳಿದಿದ್ದ.

ಮೊದಲ ಸಾಲು ಕೇಳಿಸಿತು. ಕೆಳಗಿನಿಂದ ನಿಧಾನವಾಗಿ ಹತ್ತಿ, ಮೇಲೆ ಎರಡು ಸಲ ನಿಂತು, ಇನ್ನೇನು ಪಕ್ಕಕ್ಕೆ ತಿರುಗಬೇಕು ಎನ್ನುವಂಥ ಸಾಲು. ಬಾಗಿಲವರೆಗೆ ಹೋದವರು ನಿಂತರು. ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಎರಡನೇ ಸಾಲಿನ ಮೊದಲ ಸ್ವರಕ್ಕೆ ಸದ್ದು ಹೋಯಿತು. ಅಪ್ಪ ನಿಲ್ಲಿಸಲಿಲ್ಲ. ಕೆನ್ನೆ ಉಬ್ಬಿಸಿ, ಬೆರಳಾಡಿಸಿ, ಕೊನೆಯವರೆಗೂ ಊದಿದ. ಎಂಟು ನಿಮಿಷ. ಅಷ್ಟರಲ್ಲಿ ಸಭಾ ಖಾಲಿಯಾಗಿತ್ತು. ಕಂಬದ ಪಕ್ಕ ಅಮ್ಮ, ಗಂಟೆಯ ಪಕ್ಕ ನಾನು, ಬಾಗಿಲು ಹಾಕಲು ಕಾದಿದ್ದ ಜವಾನ, ಇಷ್ಟೇ ಜನ.

ಅರ್ಧ ಕೇಳಿಸಿದ್ದನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ ಎಂದು ರಾಯರು ಮಾರನೆಯ ದಿನ ಹೇಳಿದರು. ಅವರ ಧ್ವನಿಯಲ್ಲಿ ನಿಜವಾದ ಬೇಸರವೇ ಇತ್ತು. ಮುಂದಿನ ವರ್ಷ ಅಂಜನಪ್ಪನಿಗೇ ಮೊದಲ ಸರದಿ, ಸೂರ್ಯೋದಯಕ್ಕೇ, ನಾನೇ ಬರೆದುಕೊಡುತ್ತೇನೆ ಎಂದರು. ಅವರ ರಚನೆಯ ವಿವರಕ್ಕೆ ಒಂದು ಇಡೀ ಪುಟ ಬೇಕಾಯಿತು. ಅದನ್ನು ಬರೆದದ್ದು ನಾನೇ.

ಆ ಒಂದು ಸಾಲು ಮಾತ್ರ ಹಳೆಯದಾಗಿತ್ತು. ಹಳೆಯದಾದ್ದರಿಂದ ಬೇರೆ ದಿನವೂ ಕೇಳಿಸುತ್ತಿತ್ತು. ಅಪ್ಪ ದಿನಾ ಬೆಳಿಗ್ಗೆ ಅಮ್ಮನ ಹಾಸಿಗೆಯ ಪಕ್ಕ ಕೂತು ಅದನ್ನು ಊದುತ್ತಿದ್ದ. ಎರಡನೇ ಸಾಲು ಬರುತ್ತಲೇ ಸದ್ದು ನಿಲ್ಲುತ್ತಿತ್ತು, ಅವನು ಬಾಯಿಂದ ತೆಗೆಯುತ್ತಿದ್ದ. ಮುಂದೆ ಊದಿ ಎಂದು ಅಮ್ಮ ಹೇಳುತ್ತಿದ್ದಳು. ಕೇಳಿಸಲ್ಲ ಕಣೇ ಎಂದರೆ, ಕೇಳಿಸದಿದ್ರೆ ಬೇಡ, ನೋಡ್ತೀನಿ ಎನ್ನುತ್ತಿದ್ದಳು. ಅಪ್ಪ ಊದುತ್ತಿದ್ದ. ಅಮ್ಮ ಅವನ ಬೆರಳುಗಳನ್ನು ನೋಡುತ್ತಾ, ಇಲ್ಲಿ ಮೇಲಕ್ಕೆ ಹೋಗ್ತದಾ, ಇಲ್ಲಿ ನಡುಗ್ತದಾ ಎಂದು ಕೇಳುತ್ತಿದ್ದಳು. ಅಪ್ಪ ತಲೆಯಾಡಿಸಿ ಹೌದು, ಇಲ್ಲ ಎನ್ನುತ್ತಿದ್ದ. ನಾನು ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತಿದ್ದೆ. ಒಂದು ದಿನ ಅಮ್ಮ, ಕೊನೆಗೆ ಇದು ಸಂತೋಷದ್ದಾ, ದುಃಖದ್ದಾ, ಅಷ್ಟಾದ್ರೂ ಹೇಳಿ ಎಂದಳು. ಅಪ್ಪ ಕ್ಲಾರಿಯೊನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ.

“ನಂಗೂ ಸರಿಯಾಗಿ ನೆನಪಿಲ್ಲ ಕಣೇ. ನಾನೂ ಒಂದೇ ಸಲ ಕೇಳಿರೋದು. ಎಂಟು ವರ್ಷ ಆಗ್ತಾ ಬಂತು.”

ಮಾರ್ಚಿಯಲ್ಲಿ ನನ್ನ ಕೆಲಸ ಖಾಯಂ ಆಯಿತು. ಅಮ್ಮ ಪಕ್ಕದ ಮನೆಯವರಿಗೆ ಮೈಸೂರುಪಾಕು ಹಂಚಿಸಿದಳು. ಆಷಾಢದಲ್ಲಿ, ಒಂದು ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ಅಪ್ಪ ಮಾತ್ರೆ ತರಲು ಹೋಗಿದ್ದಾಗ ಅವಳು ಹೋದಳು. ಬ್ಯಾಂಡಿನವರು ಬಂದು ಬೀದಿಯುದ್ದಕ್ಕೂ ಬಾರಿಸಿದರು. ಅಪ್ಪ ಅವರ ಜೊತೆ ಊದಲಿಲ್ಲ, ಹೆಣದ ಜೊತೆ ನಡೆದ.

ಆಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪ ನನ್ನೊಡನೆ ಜಗಳವಾಡಲಿಲ್ಲ. ಒಂದು ಮಾತು ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಮಾರುಕಟ್ಟೆಯಿಂದ ಸೊಪ್ಪು ತರುತ್ತಿದ್ದ, ನೀರು ಹಿಡಿಯುತ್ತಿದ್ದ, ನಾನು ಸಭಾದಿಂದ ಬರುವುದು ತಡವಾದರೆ ಅನ್ನಕ್ಕಿಡುತ್ತಿದ್ದ. ಗಂಟೆಯ ವಿಷಯ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಜನವರಿಯಲ್ಲಿ ಹೊಸ ಪಟ್ಟಿ ತಂದು ತೋರಿಸಿದೆ. ಮೊದಲನೇ ಹೆಸರು ಅವನದೇ, ರಾಯರ ಕೈಬರಹದಲ್ಲಿ. ನೋಡಿದ, ಹೂಂ ಎಂದ. ಎಷ್ಟು ಹೊತ್ತು ಬೇಕಾದರೂ ಊದಬಹುದು ಅಪ್ಪಾ, ಇಡೀ ದಿನ ಮುಂದಿರುತ್ತೆ ಎಂದೆ. ಅದಕ್ಕೂ ಹೂಂ ಎಂದ. ತಾರೀಕಿಗೆ ವಾರವಿರುವಾಗ ಬಾಯಿಗೆ ಟವೆಲ್ ಸುತ್ತಿಕೊಂಡು ಓಡಾಡತೊಡಗಿದ. ಕೇಳಿದರೆ ವಸಡು ನೋವು ಎಂದು ಸನ್ನೆ ಮಾಡಿದ. ಗಂಜಿ ಮಾಡಿಕೊಟ್ಟೆ.

ತಾರೀಕಿನ ಬೆಳಿಗ್ಗೆ ನೀನು ಮುಂದೆ ಹೋಗು ಎಂದು ಕೈ ಮಾಡಿದ. ನಾನು ಸಭಾಕ್ಕೆ ಹೋಗಿ ಪುಸ್ತಕ ಬಿಚ್ಚಿಟ್ಟೆ. ಹಿಂದಿನ ವರ್ಷಗಳನ್ನು ಓದಿ ಮುಗಿಸುವ ಹೊತ್ತಿಗೆ ಬಿಸಿಲು ವೇದಿಕೆಯನ್ನು ಮುಟ್ಟಿತು. ನಾನು ‘ಅಂಜನಪ್ಪನವರು’ ಎಂದು ಹೆಸರು ಕೂಗಿದೆ. ಆ ಒಂದು ಸಾಲಿನ ಸುದ್ದಿ ಊರಲ್ಲೆಲ್ಲ ಹರಡಿದ್ದರಿಂದ ಜನ ಕಿಟಕಿಗಳಲ್ಲೂ ನಿಂತಿದ್ದರು. ಅಪ್ಪ ಪಕ್ಕದ ಬಾಗಿಲಿನಿಂದ ಬಂದ. ಕೆಂಪು ಕೋಟು, ಹಿತ್ತಾಳೆ ಗುಂಡಿ, ಕೈ ಬರಿದು. ವೇದಿಕೆಯ ನಡುವೆ ನಿಂತು ಟವೆಲ್ ಬಿಚ್ಚಿದ. ಮೇಲಿನ ಮುಂದಿನ ಹಲ್ಲುಗಳು ಒಂದೂ ಇರಲಿಲ್ಲ.

“ಊದಕ್ಕೆ ಆಗಲ್ಲ ರಾಯರೇ,” ಎಂದ. ಮಾತು ಗಾಳಿ ಸೇರಿ ಬಂತು. “ಮುಂದಿನೋರನ್ನ ಕರೀರಿ.”

ಕೈ ಮುಗಿದು ಇಳಿದು ಹೋದ. ಇಷ್ಟೆಲ್ಲ ಆಗಲು ಅರ್ಧ ನಿಮಿಷ ಹಿಡಿದಿರಬಹುದು. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅಪ್ಪನ ಹೆಸರಿನ ಮುಂದೆ ‘ಊದಲಿಲ್ಲ’ ಎಂದು ಬರೆದೆ. ಅವನ ಹಿಂದೆಯೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನ ಹೆಸರು ಕೂಗಿದೆ.

ಬಂದವರು ಮಿಡ್ಲ್‌ಸ್ಕೂಲಿನ ಟೀಚರ್ ವಿಶಾಲಾಕ್ಷಿ. ತೆಳ್ಳಗಿನ ಹೆಂಗಸು, ವೇದಿಕೆ ಅಭ್ಯಾಸವಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ತಿರುಚುತ್ತಿದ್ದರು. ಶಾಲೆಯ ಬಾವಿಯ ರಾಟೆಯ ಮೇಲೆ ಒಂದು ಹಾಡು ಕಟ್ಟಿದ್ದರು. ಮೂರೇ ನಿಮಿಷ. ನನಗೆ ಅದು ಕೇಳಿಸುವುದು ಬೇಡವಾಗಿತ್ತು. ಆದರೂ ಕೇಳಿಸಿತು, ಮನಸ್ಸಿಗೆ ಹಿಡಿಯಿತು ಕೂಡ. ಬರೆಯುವಾಗ ಅದು ನನ್ನ ತಲೆಯೊಳಗೆ ತಿರುಗುತ್ತಲೇ ಇತ್ತು. ಅಪ್ಪ ಇಳಿದು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಹಲ್ಲಿನ ಡಾಕ್ಟರು ಜಯತೀರ್ಥರು ಕಾಫಿ ಲೋಟ ಹಿಡಿದು ನನ್ನ ಮೇಜಿನ ಬಳಿ ಬಂದರು. ಹೇಳಬೇಕೋ ಬೇಡವೋ ಎಂದು ಹಿಂದೆ ಮುಂದೆ ನೋಡಿ, ಕೊನೆಗೆ ಹೇಳಿದರು. ಆ ಹಲ್ಲುಗಳು ಇನ್ನೂ ಎರಡು ವರ್ಷ ತಡೆಯುತ್ತಿದ್ದವಂತೆ. ತಂತಿ ಕಟ್ಟಿಕೊಡುತ್ತೇನೆ ಎಂದರೂ ಅಪ್ಪ ಒಪ್ಪಲಿಲ್ಲವಂತೆ. ಬಹಳ ನೋವು, ಕಿತ್ತೇ ಹಾಕಿ ಎಂದು ಹಟ ಹಿಡಿದನಂತೆ. ಕೀಳುವಾಗ ಉಸಿರೆತ್ತಲಿಲ್ಲ ನಿಮ್ಮಪ್ಪ ಎಂದರು.

ಸಂಜೆ ಸೂರ್ಯ ಮುಳುಗಿದ ಮೇಲೆ ಪುಸ್ತಕ ಬೀರುವಿಗಿಟ್ಟು ಮನೆಗೆ ಬಂದೆ. ಅಪ್ಪ ಅನ್ನ, ಹುರುಳಿಕಾಳು ಸಾರು ಮಾಡಿದ್ದ. ಎದುರು ಬದುರು ಕೂತೆವು. ಬರುವ ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಬ್ಯಾಂಡಿನಲ್ಲಿ ಇನ್ನೊಬ್ಬ ಕ್ಲಾರಿಯೊನೆಟ್ಟಿನವನಿದ್ದಾನೆ, ವೆಂಕಟಾಚಲ. ಅವನಿಗೆ ಬೆರಳು ಹೇಳಿಕೊಟ್ಟರೆ ಮುಂದಿನ ವರ್ಷ ಅವನೇ ಊದಬಹುದು, ಹೆಸರು ನಿನ್ನದೇ ಬರೆಯುತ್ತೇನೆ ಎಂದೆ. ಅಪ್ಪ ಅನ್ನ ಕಲೆಸುತ್ತಲೇ ಬೇಡ ಎಂದ. ಯಾಕೆ ಎಂದೆ. ಕೇಳಬೇಕಾದವಳೇ ಇಲ್ಲ ಎಂದ. ಡಾಕ್ಟರು ಹೇಳಿದ್ದನ್ನು ಕೇಳಲು ಬಾಯಿ ತೆರೆದೆ, ಅವನ ಊದಿದ ತುಟಿ ನೋಡಿ ಸಾರಿನ ಪಾತ್ರೆಯನ್ನು ಅವನ ಕಡೆ ಸರಿಸಿದೆ. ಅವನು ಮೆತ್ತಗಿನ ಅನ್ನವನ್ನು ಕೆನ್ನೆಯ ಒಂದು ಬದಿಗೆ ತಳ್ಳಿಕೊಂಡು ನುಂಗುತ್ತಿದ್ದ.

ಊಟ ಮುಗಿಯುತ್ತಾ ಬಂದಾಗ, ಇವತ್ತು ಯಾವುದಾದ್ರೂ ಚೆನ್ನಾಗಿತ್ತಾ ಎಂದು ಕೇಳಿದ. ಪ್ರತಿ ವರ್ಷ ಕೇಳುವ ಮಾತೇ ಅದು. ಏನೂ ಇರಲಿಲ್ಲ ಎನ್ನಬಹುದಿತ್ತು. ಯಾಕೋ ಅವನಿಗೆ ಸುಳ್ಳು ಹೇಳಲಾಗಲಿಲ್ಲ. ವಿಶಾಲಾಕ್ಷಿ ಟೀಚರದು ಚೆನ್ನಾಗಿತ್ತು ಎಂದೆ. ಹಾಡು ನೋಡೋಣ ಎಂದ. ಅದು ಈಗ ಹಳೆಯದು, ಯಾರು ಬೇಕಾದರೂ ಹಾಡಬಹುದಾದದ್ದು. ಎಂಜಲು ಕೈಯಲ್ಲೇ ಕೂತು ನಾನು ಹಾಡಿದೆ. ಒಂದೇ ಸಲ ಕೇಳಿದ್ದರೂ ಒಂದು ಸಾಲೂ ತಪ್ಪದೆ ಬಂತು. ಅಪ್ಪ ಕಣ್ಣು ಮುಚ್ಚಿ ಕೇಳಿದ. ಎಡಗೈ ಬೆರಳುಗಳು ತೊಡೆಯ ಮೇಲೆ ಸ್ವರ ಹುಡುಕುತ್ತಾ ಆಡುತ್ತಿದ್ದವು. ನಡುವೆ ಅವನಿಗೇ ಅದು ತಿಳಿದು, ಬೆರಳು ಮಡಿಸಿಕೊಂಡ.

ಹಾಡು ಮುಗಿದ ಮೇಲೆ ತಟ್ಟೆ ಎತ್ತಿಕೊಂಡು ಎದ್ದ.

“ಪೂರ್ತಿ ಕೇಳಿಸ್ಕಂಡು ಬಂದಿದೀಯ,” ಎಂದ.

ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ತಟ್ಟೆ ತೊಳೆಯತೊಡಗಿದ. ನಿನ್ನ ತಟ್ಟೆಯನ್ನೂ ಕೊಡು ಎಂದು ಅಲ್ಲಿಂದಲೇ ಕೈ ಚಾಚಿದ. ಕೊಟ್ಟೆ.